ವಲಸೆ ಮತ್ತು ಸಾಮಾಜಿಕ ಅಸಮಾನತೆಯ ಅಧ್ಯಯನವನ್ನೇ ವೃತ್ತಿಯಾಗಿ ಹಿಡಿಯಬಹುದೇ?

ಪ್ರಶ್ನೆ: ಮಾರಿಕುಪ್ಪಂ ಪ್ರಯಾಣಿಕೆ, ಕೆಜಿಎಫ್

ನಾನು ಸಮಾಜಶಾಸ್ತ್ರದ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ನನ್ನ ಮುತ್ತಾತ ಉತ್ತರ ಆರ್ಕಾಟಿನ ಹಳ್ಳಿಯೊಂದರಿಂದ ಚಿನ್ನದ ಗಣಿಯ ಕೆಲಸಕ್ಕೆ ಬಂದವರು. ತಾತ ಚಾಂಪಿಯನ್ ರೀಫ್ ಗಣಿಗೆ ಇಳಿದು ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಅಪ್ಪ ಇಂದಿಗೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತಾರೆ. ನಾಲ್ಕು ತಲೆಮಾರು ಇಲ್ಲೇ ಕಳೆದಿದ್ದರೂ, ಯಾರಾದರೂ ಊರು ಕೇಳಿ ನಾನು ಕೆಜಿಎಫ್ ಎಂದರೆ, ‘ಅದು ಸರಿ, ಮೂಲ ಯಾವುದು?’ ಎಂಬ ಎರಡನೆಯ ಪ್ರಶ್ನೆ ತಪ್ಪಿದ್ದಲ್ಲ.

ವಲಸೆ ಬಂದವರ ಮಕ್ಕಳು, ಮೊಮ್ಮಕ್ಕಳು ಸಮಾಜದ ಯಾವ ಮೆಟ್ಟಿಲಿನಲ್ಲಿ ನಿಲ್ಲುತ್ತಾರೆ, ಅಲ್ಲಿಂದ ಮೇಲೇರದಂತೆ ತಡೆಯುವುದು ಏನು ಎಂಬುದರ ಮೇಲೆ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಹಿರಿಯರೊಬ್ಬರು, ವಲಸೆಯ ಸಮಾಜಶಾಸ್ತ್ರವೆಂದರೆ ಅಮೆರಿಕ, ಫ್ರಾನ್ಸ್‌ಗಳ ವಿಷಯ, ಸ್ವಂತ ಜನರ ಬಗ್ಗೆ ಬರೆದರೆ ಅದು ಆತ್ಮಕಥೆಯಾಗುತ್ತದೆ, ಸಂಶೋಧನೆಯಾಗುವುದಿಲ್ಲ ಎಂದರು. ಆ ಮಾತು ನನ್ನನ್ನು ಕಲಕಿದೆ. ಈ ದಾರಿಯಲ್ಲಿ ನಡೆದವರು ತಿಳಿಸಿಕೊಡಬೇಕೆಂದು ಕೋರುತ್ತೇನೆ. ಮನೆಯ ಪರಿಸ್ಥಿತಿಯಿಂದಾಗಿ ಜೀವನೋಪಾಯದ ಪ್ರಶ್ನೆಯನ್ನೂ ನಾನು ಬದಿಗಿಡುವಂತಿಲ್ಲ.

ಉತ್ತರ: ನಿವೃತ್ತ ಅಧ್ಯಾಪಕ, ತುಮಕೂರು

ನೋಡಮ್ಮ, ಆ ಹಿರಿಯರ ಮಾತಿಗೆ ನಾನು ಒಬ್ಬ ಸಮಾಜಶಾಸ್ತ್ರಜ್ಞನ ಬದುಕನ್ನೇ ಉತ್ತರವಾಗಿ ಮುಂದಿಡುತ್ತೇನೆ. ಅಬ್ದೆಲ್‌ಮಲೆಕ್ ಸಯಾದ್ 1933ರಲ್ಲಿ ಅಲ್ಜೀರಿಯದ ಕಬೀಲಿಯ ಪ್ರದೇಶದಲ್ಲಿ ಹುಟ್ಟಿದರು. ಅಲ್ಜಿಯರ್ಸ್‌ನಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಅವರ ವಿದ್ಯಾರ್ಥಿಯಾಗಿದ್ದು, ಮುಂದೆ ತಾವೇ ಫ್ರಾನ್ಸಿಗೆ ವಲಸೆ ಹೋಗಿ, 1998ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದ ಅಲ್ಜೀರಿಯದ ಕಾರ್ಮಿಕರನ್ನೇ ಅಧ್ಯಯನ ಮಾಡಿದರು. ಅವರ ಮುಖ್ಯ ಕೃತಿ ಬೋರ್ದಿಯು ಅವರ ಮುನ್ನುಡಿಯೊಂದಿಗೆ ಪ್ರಕಟವಾದದ್ದು ಅವರು ತೀರಿಕೊಂಡ ಮರುವರ್ಷ. ಬಂದು ಸೇರಿದ ದೇಶಕ್ಕೆ ವಲಸಿಗನಾಗಿ ಕಾಣುವ ಮನುಷ್ಯ ಅದಕ್ಕೂ ಮೊದಲು ತನ್ನ ಊರನ್ನು ಬಿಟ್ಟು ಹೊರಟವನು. ಹೊರಟ ಊರನ್ನು ಅರಿಯದೆ ಬಂದ ಊರಿನಲ್ಲಿ ನಿಂತು ಅವನನ್ನು ಅಳೆಯುವವರು ಅರ್ಧ ಮನುಷ್ಯನನ್ನಷ್ಟೇ ನೋಡಿರುತ್ತಾರೆ ಎಂಬುದು ಅವರ ಜೀವಮಾನದ ವಾದ. ಊರಿನಲ್ಲೂ ಇಲ್ಲ, ಹೋದಲ್ಲಿಯೂ ಪೂರ್ತಿಯಾಗಿ ಇಲ್ಲ ಎಂಬ ಸ್ಥಿತಿಯನ್ನು ಅವರು ಎರಡು ಕಡೆಯ ಗೈರುಹಾಜರಿ ಎಂದು ಕರೆದರು. ನಿಮ್ಮನ್ನು ಕೇಳುವ ಆ ಎರಡನೆಯ ಪ್ರಶ್ನೆ ಇದೇ ಅಲ್ಲವೇ? ಸ್ವಂತ ಅನುಭವ ಅವರ ಸಂಶೋಧನೆಗೆ ಅಡ್ಡಿಯಾಗಲಿಲ್ಲ; ಏನನ್ನು ಕೇಳಬೇಕೆಂಬುದನ್ನು ಅದೇ ಕಲಿಸಿತು.

ಇನ್ನು ಸಾಮಗ್ರಿಯ ವಿಷಯ. ಥಾಮಸ್ ಮತ್ತು ಜ್ನಾನಿಯೆಟ್ಸ್ಕಿ ಎಂಬ ಸಮಾಜಶಾಸ್ತ್ರಜ್ಞರು 1918ರಿಂದ 1920ರೊಳಗೆ ಐದು ಸಂಪುಟಗಳಲ್ಲಿ ಪ್ರಕಟಿಸಿದ ಪೋಲೆಂಡಿನ ರೈತರ ಅಧ್ಯಯನ ನಿಂತಿರುವುದೇ ಅಮೆರಿಕಕ್ಕೆ ಹೋದವರಿಗೂ ಊರಲ್ಲಿ ಉಳಿದವರಿಗೂ ನಡುವೆ ಓಡಾಡಿದ ಕಾಗದಗಳ ಮೇಲೆ. ನಿಮ್ಮ ಮನೆಯ ಟ್ರಂಕಿನಲ್ಲಿ ತಾತನ ಹಳೆಯ ಕಾಗದ, ಗಣಿಯ ಗುರುತಿನ ಚೀಟಿ, ಮನಿಯಾರ್ಡರ್ ರಸೀದಿ ಇದ್ದರೆ ಇಂದೇ ತೆಗೆದು ಜೋಪಾನ ಮಾಡಿ.

ನಿಮ್ಮ ಊರಿನ ನೆಲವೂ ಒಂದು ದಾಖಲೆಯೇ. 1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಗಣಿ ಕಂಪನಿ ಬಂದ ನಂತರ ಬೆಳೆದ ಆ ಪಟ್ಟಣದಲ್ಲಿ ಯುರೋಪಿಯನ್ನರ ಬಂಗಲೆ, ಕ್ಲಬ್ಬುಗಳು ಒಂದು ಕಡೆ, ಬಹುಪಾಲು ದಲಿತರೇ ಆಗಿದ್ದ ತಮಿಳು ಕಾರ್ಮಿಕರ ಲೈನ್ ಮನೆಗಳು, ಅಂದರೆ ಸಾಲು ಮನೆಗಳು, ಇನ್ನೊಂದು ಕಡೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಆ ಗಣಿಗೆ ಹರಿದು ಬಂತೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಯಾರ ಮನೆಗೆ ಯಾವ ವರ್ಷ ದೀಪ ಬಂತೆಂದು ಕೇಳುವುದು ಸಮಾಜಶಾಸ್ತ್ರಜ್ಞರ ಕೆಲಸ. ಇತಿಹಾಸಕಾರ್ತಿ ಜಾನಕಿ ನಾಯರ್ ಈ ಗಣಿ ಕಾರ್ಮಿಕರ ಬಗ್ಗೆ ಮಹತ್ವದ ಕೆಲಸ ಮಾಡಿದ್ದಾರೆ. ಗಣಿ ಮುಚ್ಚಿದ ಮೇಲಿನ ಕಾಲವನ್ನು ಒಳಗಿನಿಂದ ಕಂಡವರು ನೀವು.

ಉತ್ತರ: ಗೌರಿಬಿದನೂರಿನವಳು, ಈಗ ಬೆಂಗಳೂರಿನಲ್ಲಿ

ಒಳವಲಸೆಯ ಮೇಲೆ ಪಿಎಚ್.ಡಿ. ಮುಗಿಸಿದವಳಾಗಿ ಅಂಕಿಅಂಶ ಮತ್ತು ಜೀವನೋಪಾಯದ ಬಗ್ಗೆ ಬರೆಯುತ್ತೇನೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಲಸಿಗರ ಸಂಖ್ಯೆ 45 ಕೋಟಿಗೂ ಹೆಚ್ಚು. ಈ ಸಂಖ್ಯೆಯನ್ನು ಉಲ್ಲೇಖಿಸುವ ಮುನ್ನ ಅದು ಹೇಗೆ ಹುಟ್ಟಿತೆಂದು ನೋಡಬೇಕು. ಜನಗಣತಿ ಹುಟ್ಟಿದ ಸ್ಥಳ, ಹಿಂದಿನ ವಾಸಸ್ಥಳ ಎರಡನ್ನೂ ಕೇಳುತ್ತದೆ. ಕೆಜಿಎಫ್‌ನಲ್ಲೇ ಹುಟ್ಟಿ, ಅಲ್ಲೇ ಮಲಗಿ ಏಳುವ ನಿಮ್ಮ ತಂದೆ ಎರಡರಲ್ಲಿಯೂ ವಲಸಿಗರಲ್ಲ. ಅವರು ಸಿಗುವುದು ಕೆಲಸದ ಸ್ಥಳಕ್ಕೆ ಕ್ರಮಿಸುವ ದೂರದ ಕೋಷ್ಟಕದಲ್ಲಿ. ಅವರ ಬದುಕನ್ನು ಬದಲಿಸಿದ ಘಟನೆ ಮಾತ್ರ ಯಾವ ಕೋಷ್ಟಕದಲ್ಲಿಯೂ ಇಲ್ಲ. ಹಾಗೆಯೇ, ಮುಳಬಾಗಿಲಿನಿಂದ ಮದುವೆಯಾಗಿ ಬಂದು ಗಾರ್ಮೆಂಟ್ಸ್‌ನಲ್ಲಿ ಹತ್ತು ವರ್ಷ ದುಡಿದ ಹೆಣ್ಣುಮಗಳ ವಲಸೆಯ ಕಾರಣ ‘ಮದುವೆ’ ಎಂದಷ್ಟೇ ದಾಖಲಾಗುತ್ತದೆ, ಏಕೆಂದರೆ ಅಲ್ಲಿ ಒಂದೇ ಕಾರಣಕ್ಕೆ ಜಾಗವಿದೆ. ಹೆಂಗಸರ ದುಡಿಮೆ ವಲಸೆಯ ಅಂಕಿಅಂಶಗಳಿಂದ ಮರೆಯಾಗುವುದು ಹೀಗೆ, ಮತ್ತು ಇದನ್ನು ಕಂಡುಕೊಳ್ಳಲು ನನಗೇ ಎರಡು ವರ್ಷ ಹಿಡಿಯಿತು. ಕೆಲವೇ ತಿಂಗಳು ಹೊರಗೆ ದುಡಿದು ಮರಳುವವರನ್ನು 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಬೇರೆಯಾಗಿ ಲೆಕ್ಕ ಹಾಕಿತ್ತು, ಅದನ್ನೂ ನೋಡಿ.

ಜೀವನೋಪಾಯದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಅಧ್ಯಾಪನ ಮತ್ತು ಸಂಶೋಧನೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಎಂದು 2023ರಿಂದ ನಿಗದಿಯಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದು ಮೊದಲ ಗೋಡೆ. ಅಸಮಾನತೆಯನ್ನು ಓದಲು ಹೊರಟವರು ಅದನ್ನು ಬಾಗಿಲಲ್ಲೇ ಎದುರಿಸುತ್ತಾರೆ. ಅಧ್ಯಾಪಕ ಹುದ್ದೆಗೆ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಅನ್ನೂ ಜೊತೆಯಲ್ಲೇ ಬರೆಯಿರಿ. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಎಂಬುದು ನಿಯಮ. ಕ್ಷೇತ್ರಕಾರ್ಯದ ಪ್ರಬಂಧ ಐದು ವರ್ಷಕ್ಕೆ ಮುಂಚೆ ಮುಗಿದದ್ದನ್ನು ನಾನು ಕಂಡದ್ದು ಕಡಿಮೆ. ಆನಂತರ ನಾನು ನಾಲ್ಕು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ರಜೆಯ ತಿಂಗಳುಗಳಿಗೆ ಸಂಬಳವಿರಲಿಲ್ಲ, ಮರುವರ್ಷ ಕರೆಯುತ್ತಾರೆಂಬ ಖಾತ್ರಿಯೂ ಇರಲಿಲ್ಲ. ಶಿಷ್ಯವೇತನ ಖಾತ್ರಿಯಾಗುವವರೆಗೂ ಪಿಎಚ್.ಡಿ.ಗೆ ಸೇರಬೇಡಿ ಎಂದು ನಾನು ಬೇರೆಯವರಿಗೆ ಹೇಳುವುದಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ಬಳಿ ಇರುವ ದೊಡ್ಡ ಬಂಡವಾಳ ಭಾಷೆ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಅಡುಗೆಮನೆಯವರೆಗೆ ಹೋಗಿ ಮಾತನಾಡಬಲ್ಲ ಸಂಶೋಧಕರು ವಿಶ್ವವಿದ್ಯಾಲಯಗಳಲ್ಲಿ ವಿರಳ.

ಉತ್ತರ: ಪಾವಗಡದಿಂದ

ನಾನು ಸಂಶೋಧಕನಲ್ಲ, ಪ್ರೌಢಶಾಲೆಯ ಶಿಕ್ಷಕ. ಆದರೂ ಒಂದು ಮಾತು ಸೇರಿಸಬೇಕೆನಿಸಿತು. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಪಡೆದರು. ಬರದಲ್ಲಿ ಬೆಂದ ರೈತರಿಗೆ ಅದು ದೊಡ್ಡ ಆಸರೆಯೇ ಆಯಿತು, ನಾನು ಅಲ್ಲಗಳೆಯುವುದಿಲ್ಲ. ಹತ್ತು ಎಕರೆ ಇದ್ದವರ ಮಕ್ಕಳು ಆ ಹಣದಲ್ಲಿ ಬೆಂಗಳೂರಿಗೆ ಓದಲು ಹೋದರು. ಜಮೀನೇ ಇಲ್ಲದೆ ಶೇಂಗಾ ಹೊಲದ ಕಳೆ ಕಿತ್ತು ಬದುಕುತ್ತಿದ್ದವರಿಗೆ ಗುತ್ತಿಗೆಯ ಹಣವೂ ಇಲ್ಲ, ಕಳೆ ಕೀಳಲು ಹೊಲವೂ ಇಲ್ಲ. ಅವರಲ್ಲಿ ಗಟ್ಟಿಮುಟ್ಟಾದವರು ಮೇಸ್ತ್ರಿಯ ಹಿಂದೆ ಕಟ್ಟಡದ ಕೆಲಸಕ್ಕೆ ಹೊರಟರೆ, ವಯಸ್ಸಾದವರು ಉಳಿದರು. ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಓದಲು ಹೋಗುವವನೂ ಇಟ್ಟಿಗೆ ಹೊರಲು ಹೋಗುವವನೂ ಒಂದೇ ಬಸ್ಸಿನ ವಲಸಿಗರು. ಹೋಗಲೂ ಶಕ್ತಿಯಿಲ್ಲದೆ ಉಳಿದವರನ್ನು ನಿಮ್ಮ ಶಾಸ್ತ್ರ ಎಲ್ಲಿ ಇಡುತ್ತದೆ? ಕೆಜಿಎಫ್‌ನಲ್ಲಿಯೂ ಆ ರೈಲು ಹತ್ತದವರು ಇರುತ್ತಾರೆ. ದಯವಿಟ್ಟು ಅವರನ್ನು ಬಿಡಬೇಡಿ.

ಮರುಪ್ರಶ್ನೆ: ಮಾರಿಕುಪ್ಪಂ ಪ್ರಯಾಣಿಕೆ

ಸರ್, ನಿಮ್ಮ ಮಾತು ಓದಿದ ಮೇಲೆ ನನ್ನ ಯೋಜನೆ ಬದಲಾಗಿದೆ. ರೈಲಿನಲ್ಲಿ ಹೋಗುವವರನ್ನು ಮಾತ್ರ ಮಾತನಾಡಿಸಬೇಕೆಂದುಕೊಂಡಿದ್ದೆ. ಈಗ ಒಂದೇ ಲೈನಿನ ಎಲ್ಲ ಮನೆಗಳನ್ನೂ ತೆಗೆದುಕೊಂಡು, ಹೋಗುವವರು, ಹೋಗಿ ನಿಲ್ಲಿಸಿದವರು, ಹೋಗದವರು ಮೂವರನ್ನೂ ಕೇಳುತ್ತೇನೆ. ಮೇಡಂ ಹೇಳಿದಂತೆ ನೆಟ್‌ಗೂ ಕೆ-ಸೆಟ್‌ಗೂ ಓದು ಶುರು ಮಾಡಿದ್ದೇನೆ. ಒಂದು ಸಂದೇಹ ಉಳಿದಿದೆ: ನಿಮ್ಮಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಈಗ ಏನು ಮಾಡುತ್ತಿದ್ದಾರೆ?

ಉತ್ತರ: ಪಾವಗಡದಿಂದ

ನಮ್ಮ ಬೀದಿಯ ಇಬ್ಬರನ್ನು ಬಲ್ಲೆ. ಒಬ್ಬರು ಮಗನ ಮನೆ ಕಾಯಲು ಯಲಹಂಕಕ್ಕೆ ಹೋದರು. ಇನ್ನೊಬ್ಬರು ಅದೇ ಪಾರ್ಕಿನೊಳಗೆ, ತಾವು ಮೊದಲು ಕಳೆ ಕೀಳುತ್ತಿದ್ದ ನೆಲದಲ್ಲೇ, ಫಲಕಗಳ ನಡುವೆ ಬೆಳೆಯುವ ಹುಲ್ಲು ಕೊಯ್ಯುತ್ತಾರೆ. ನೀವು ಬರುವುದಾದರೆ ಅವರನ್ನು ಕೇಳಿ ಸಮಯ ಗೊತ್ತುಮಾಡುತ್ತೇನೆ. ಭಾನುವಾರ ಮನೆಯಲ್ಲಿರುತ್ತಾರೆ, ತೆಲುಗಿನಲ್ಲಿ ಮಾತನಾಡುತ್ತಾರೆ.