ಡಿಸೆಂಬರ್‌ನಾಗ ಕಾರವಾರ, ಸದಾಶಿವಗಡ, ಮಾಜಾಳಿ: ಗದಗದಿಂದ ಯಾವ ದಾರಿ, ಏನು ಖರ್ಚು?

ಗದಗ (ಕೇಳಿದವರು): ಡಿಸೆಂಬರ್ ಕಡೀ ವಾರದಾಗ ಎರಡು ದಿನ ಕಾರವಾರಕ್ಕ ಹೊಂಟೇವ್ರಿ. ನಾವು ಇಬ್ಬರು, ಹುಡುಗರು ಇಬ್ಬರು, ಅಪ್ಪ-ಅವ್ವ. ಅಪ್ಪನ ಮೊಣಕಾಲ ಸರಿ ಇಲ್ಲ. ಸದಾಶಿವಗಡ ಕೋಟಿ, ಕಾಳಿ ನದಿ ಸಮುದ್ರ ಸೇರೋ ಜಾಗ, ತಿಳಮಾತಿಯ ಕರಿ ಉಸುಕಿನ ದಂಡಿ, ಸಾಧ್ಯ ಆದ್ರ ಗೋವಾ ಗಡಿ ದಾಟಿ ಆಮೆ ತತ್ತಿ ಇಡೋ ದಂಡಿ, ಇಷ್ಟು ನೋಡೋ ಆಸೆ. ಪೆಟ್ರೋಲ್ ಗಾಡಿ, ಏಳು ಸೀಟಿಂದು. ಅನುಭವ ಇದ್ದವರು ಹೇಳ್ರಿ.

ಹುಬ್ಬಳ್ಳಿ ವಿದ್ಯಾನಗರ: ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ, ಅಂಕೋಲಾ, ಕಾರವಾರ. ಬ್ಯಾರೆ ದಾರಿ ಹೇಳೋರ ಮಾತು ಕೇಳಬ್ಯಾಡ್ರಿ. ಹುಬ್ಬಳ್ಳಿಯಿಂದ ಸುಮಾರು 165 ಕಿ.ಮೀ., ಗದಗದಿಂದ 225. ಹೋಗಿ ಬರೋದು 450, ಅಲ್ಲಿ ತಿರುಗೋದು 80, ಒಟ್ಟ 530. ಮಂದಿ, ಸಾಮಾನು, ಏಸಿ ಎಲ್ಲಾ ಸೇರಿ ಲೀಟರಿಗೆ 14 ಅಂತ ಹಿಡೀರಿ, 38 ಲೀಟರ್. ಲೀಟರಿಗೆ 103 ಹಿಡಿದ್ರ 3,914 ರೂಪಾಯಿ. ಅಂಕೋಲಾ ದಾಟಿದ ಮ್ಯಾಲ ಹಟ್ಟಿಕೇರಿ ಟೋಲ್ ಐತಿ. 24 ತಾಸಿನೊಳಗ ತಿರುಗಿ ಬಂದ್ರ ಎರಡೂ ಸಲದ್ದು ಸೇರಿ ಒಂದೂವರೆ ಪಟ್ಟು, ನೀವು ರಾತ್ರಿ ಉಳಿದು ಮರುದಿನ ಸಂಜಿಗೆ ಬರೋರು, ಎರಡು ಪಟ್ಟೇ ಬೀಳತದ. ಫಾಸ್ಟ್ಯಾಗ್‌ನಾಗ ರೊಕ್ಕ ಇಲ್ಲಂದ್ರ ಅದಕ್ಕಿಂತ ಹೆಚ್ಚಿಗಿ ಬೀಳತದ.

ಅರಬೈಲ್ ಇಳಿಯೋವಾಗ ಎರಡನೇ ಇಲ್ಲಾ ಮೂರನೇ ಗೇರಿನಾಗ ಇಳೀರಿ. ಬ್ರೇಕ್ ಮ್ಯಾಲ ಕಾಲಿಟ್ಟಗೊಂಡ ಇಳಿದ್ರ ಪ್ಯಾಡ್ ಕಾಯ್ದು ಕೆಳಗ ಬರೋದ್ರಾಗ ಹಿಡಿಯೋದ ಬಿಡತಾವು. ವಾಸನಿ ಬಂತಂದ್ರ ಬದಿಗೆ ನಿಲ್ಲಿಸಿ ಆರಲಿಕ್ಕೆ ಬಿಡ್ರಿ, ಕಾದ ಡಿಸ್ಕ್ ಮ್ಯಾಲ ನೀರು ಸುರಿಬ್ಯಾಡ್ರಿ, ಸೊಟ್ಟ ಆಗತಾವು. ಲಾರಿ, ಟ್ಯಾಂಕರ್ ಸಾಲು ಹತ್ತಿ ಬರತಿರತಾವು, ತಿರುವಿನಾಗ ಅವಕ್ಕ ಪೂರಾ ರಸ್ತಾ ಬೇಕು. ಬೆಳಿಗ್ಗಿ ಆರಕ್ಕ ಹುಬ್ಬಳ್ಳಿ ಬಿಟ್ರ ಕಿರಿಕಿರಿ ಕಡಿಮಿ.

ಧಾರವಾಡ ಸಪ್ತಾಪುರ: "ಬೇರೆ ದಾರಿ ಹೇಳುವವರ ಮಾತು ಕೇಳಬೇಡಿ" ಎನ್ನುವವರು ಲಾರಿಯ ಹೊಗೆಯನ್ನೇ ಪ್ರವಾಸ ಅಂದುಕೊಂಡಿದ್ದಾರೆ. ನದಿ ಕಡಲು ಸೇರುವುದನ್ನು ನೋಡಬೇಕು ಎನ್ನುವವರಿಗೆ ನದಿಯ ಜೊತೆಗೇ ಹೋಗುವ ದಾರಿ ಇದೆ: ಧಾರವಾಡ, ಹಳಿಯಾಳ, ದಾಂಡೇಲಿ, ಗಣೇಶಗುಡಿ, ಜೊಯಿಡಾ, ಅಣಶಿ, ಕದ್ರಾ, ಕಾರವಾರ. ಕಾಳಿ ಹುಟ್ಟುವುದು ಜೊಯಿಡಾ ತಾಲೂಕಿನ ಡಿಗ್ಗಿಯಲ್ಲಿ, 184 ಕಿ.ಮೀ. ಹರಿದು ಕಾರವಾರದ ಕೋಡಿಬಾಗದಲ್ಲಿ ಕಡಲಿಗೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು, ಕೆಳಗೆ ಕದ್ರಾ, ಎರಡನ್ನೂ ಒಂದೇ ದಾರಿಯಲ್ಲಿ ನೋಡಿದಂತಾಯಿತು. ಟ್ಯಾಂಕು ದಾಂಡೇಲಿಯಲ್ಲೇ ಭರ್ತಿ ಮಾಡಿ, ಮುಂದೆ ಬಂಕನ್ನು ನೆಚ್ಚಬೇಡಿ. ಮೊಬೈಲ್ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಅಣಶಿ ಕಡೆ ಸಿಗ್ನಲ್ ಹೋಗುತ್ತದೆ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ (2015ರವರೆಗೆ ದಾಂಡೇಲಿ-ಅಣಶಿ ಎಂಬ ಹೆಸರು), ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವ ಜಾಗವಲ್ಲ. ಕತ್ತಲಾಗುವ ಮೊದಲೇ ಘಾಟ್ ಇಳಿದಿರಬೇಕು.

ಹುಬ್ಬಳ್ಳಿ ವಿದ್ಯಾನಗರ: ಎಪ್ಪತ್ತರ ಹಿರಿಯರನ್ನ ಆ ತಿರುವಿನಾಗ ಕೂರಿಸ್ತೀರೇನ್ರಿ? ಹಿಂದಿನ ಸೀಟಿನಾಗ ಹುಡುಗರು ಕುಂತ್ರ ಕದ್ರಾ ಬರೋದ್ರಾಗ ಎರಡು ಸಲ ವಾಂತಿ. ಗದಗದವರು ಧಾರವಾಡಕ್ಕ ಹೋಗಿ ಹಳಿಯಾಳ ಹಿಡಿಯೋದಂದ್ರ 20 ಕಿ.ಮೀ. ಹೆಚ್ಚಿಗಿ ಬ್ಯಾರೆ.

ಧಾರವಾಡ ಸಪ್ತಾಪುರ: ಎಪ್ಪತ್ತು ಎಂದು ಅವರು ಎಲ್ಲಿ ಬರೆದಿದ್ದಾರೆ? ಮೊಣಕಾಲು ಸರಿ ಇಲ್ಲ ಎಂದಿದ್ದಾರೆ. ಓದಿ ಬರೆಯಿರಿ.

ಹಾವೇರಿ: ನಮ್ಮ ಕಡೆಯವರು ಶಿರಸಿ, ದೇವಿಮನೆ ಘಾಟ, ಕುಮಟಾ ಮ್ಯಾಲ ಹೋಗೋರು. ಆ ದಾರೀಲೆ ಹೋದ್ರ ಕುಮಟಾ-ಅಂಕೋಲಾ ನಡುವ ಶಿರೂರು ಸಿಗತದ, 2024ರ ಜುಲೈ 16ಕ್ಕ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದ ಜಾಗ ಅದೇ. ಮಳೆಗಾಲಕ್ಕ ಅದು ಬ್ಯಾಡ, ಶಿರಸಿಯಿಂದ ಯಲ್ಲಾಪುರಕ್ಕ ಹೊಳ್ಳಿ ಅರಬೈಲ್ ಹಿಡಿಯೋದ ಚಲೋ. ಗದಗದವರಿಗೆ ಶಿರೂರು ಸಂಬಂಧ ಇಲ್ಲ, ಹೆದರಿಸೋರ ಮಾತಿಗೆ ಕಿವಿ ಕೊಡಬ್ಯಾಡ್ರಿ.

ದಾರಿ ಸುದ್ದಿ ಸಾಕು. ದೋಣಿ ಬಗ್ಗೆ ಯಾರೂ ಹೇಳಂಗಿಲ್ಲಲ್ಲ? 2019ರ ಜನವರಿ 21ಕ್ಕ ಕೂರ್ಮಗಡ ದ್ವೀಪದ ನರಸಿಂಹ ಜಾತ್ರಿಯಿಂದ ತಿರುಗಿ ಬರೋವಾಗ ದೋಣಿ ಮಗಚಿ 16 ಮಂದಿ ಹೋದ್ರು, ನಮ್ಮ ಹಾವೇರಿ ಜಿಲ್ಲೆಯವರೂ ಇದ್ರು. ಹೊರೋದಕ್ಕಿಂತ ಹೆಚ್ಚಿಗಿ ಮಂದಿ ಹತ್ತಿದ್ರು. ಹಂಗಾಗಿ ಮೊದಲ ಜಾಕೆಟ್ ಎಣಿಸ್ರಿ, ಆಮ್ಯಾಲ ರೇಟ್ ಕೇಳ್ರಿ. ಜಾಕೆಟ್ ಮೂಲ್ಯಾಗ ಒಟ್ಟಿದ್ರ ಉಪಯೋಗ ಇಲ್ಲ, ಮೈಮ್ಯಾಲ ಇರಬೇಕು, ಹುಡುಗರಿಗೆ ಸಣ್ಣ ಅಳತಿ ಬೇಕು, ದೊಡ್ಡದು ಹಾಕಿದ್ರ ನೀರಾಗ ತಲಿ ಮ್ಯಾಲಿಂದ ಕಳಚಿ ಹೋಗತದ. ರೇಟು ದೋಣಿಗೋ ತಲಿಗೋ, ತಿರುಗಿ ಕರ್ಕೊಂಡ ಬರೋದು ಸೇರಿ ಏನು, ಹತ್ತೋದಕ್ಕಿಂತ ಮೊದಲ ತೀರ್ಮಾನ ಆಗಲಿ. ಮುಂಜಾನೆ ಹೋಗ್ರಿ, ಮಧ್ಯಾಹ್ನದ ಮ್ಯಾಲ ಕಡಲಿನಿಂದ ಗಾಳಿ ಎದ್ದು ತೆರಿ ಕುಣೀತಾವು. ಇಳಿತದ ಹೊತ್ತಿನಾಗ ನದಿ ಬಾಯಿಗೆ ಕಾಲು ಇಡಬ್ಯಾಡ್ರಿ, ನದಿ ನೀರು, ಇಳಿಯೋ ಭರತದ ನೀರು ಎರಡೂ ಕೂಡಿ ಹೊರಗ ಎಳೀತಾವು, ಈಜು ಬಂದ್ರೂ ಕೈ ಸೋಲತಾವು.

ಗದಗ ಬೆಟಗೇರಿ: ಗಾಡಿನೇ ಯಾಕ ಬೇಕು? ಹುಬ್ಬಳ್ಳಿಯಿಂದ ಕಾರವಾರಕ್ಕ ಸಾರಿಗಿ ಬಸ್ ಐತಿ. ಸಾದಾ ಬಸ್ಸಿನಾಗ ಶಕ್ತಿ ಯೋಜನೆ ಐತಿ, ಅವ್ವಾರು, ಮನಿಯವರು ಇಬ್ಬರಿಗೂ ಟಿಕೆಟ್ ಶೂನ್ಯ, ಗುರುತಿನ ಚೀಟಿ ಒಯ್ಯಬೇಕಷ್ಟ. ಗಡಿ ಆಚೆ ಗೋವಾದ ಬಸ್ಸಿಗೆ ರೊಕ್ಕ ಕೊಡಬೇಕು. 3,914 ಎಲ್ಲಿ, ಇದು ಎಲ್ಲಿ!

ಹುಬ್ಬಳ್ಳಿ ವಿದ್ಯಾನಗರ: ಮತ್ತ ಕಾರವಾರದಿಂದ ಗಡಿ ಹತ್ರದ ಮಾಜಾಳಿ, ಅಲ್ಲಿಂದ ಆಮೆ ದಂಡಿ ಇರೋ ಗಾಲಜಿಬಾಗಕ್ಕ ಆರು ಮಂದಿ ರಿಕ್ಷಾದಾಗ? ಎರಡು ರಿಕ್ಷಾ ಬೇಕು, ನಿಲ್ಲೋ ತಾಸಿಗೂ ರೊಕ್ಕ. ಉಳಿಸಿದ್ದು ಅಲ್ಲೇ ಹೋತು. ಹಳದಿ ಬೋರ್ಡಿನ ಗಾಡಿ ಮಾಡಿದ್ರ ಅಖಿಲ ಭಾರತ ಪರ್ಮಿಟ್ ಐತೋ ಇಲ್ಲೋ ಕೇಳ್ರಿ. ಇಲ್ಲಂದ್ರ ಗಡಿಯಾಗ ತೆರಿಗಿ ಕಟ್ಟಿಸ್ತಾರ.

ಹಳೇ ಹುಬ್ಬಳ್ಳಿ: ಪೆಟ್ರೋಲ್ ಕಾರವಾರದಾಗ ಹಾಕಿಸಬ್ಯಾಡ್ರಿ. ಗಡಿ ದಾಟಿ ಪೊಳೆಂನಾಗ ಹಾಕಿಸ್ರಿ, ಲೀಟರಿಗೆ ಐದಾರು ರೂಪಾಯಿ ಕಡಿಮಿ. ಅಲ್ಲೇ ಎರಡು ಬಾಟ್ಲಿ ದಾರೂನೂ ತಗೊಂಡ ಬರಬಹುದು, ಬಿಲ್ ಇದ್ರ ಯಾರೂ ಕೇಳಂಗಿಲ್ಲ.

ಧಾರವಾಡ ಸಪ್ತಾಪುರ: ಯಾರೂ ಕೇಳುವುದಿಲ್ಲ ಎಂಬ ಸಲಹೆ ಕೊಟ್ಟು ನೀವು ಮನೆಯಲ್ಲಿ ಕೂರುತ್ತೀರಿ, ಮಾಜಾಳಿ ತನಿಖಾ ಠಾಣೆಯಲ್ಲಿ ಡಿಕ್ಕಿ ತೆಗೆಯುವವರು ಇವರು. ಗೋವಾದಲ್ಲಿ ಮಾತ್ರ ಮಾರಲು ತಯಾರಾದ ಬಾಟಲಿಯನ್ನು ಅಂಗಡಿಯ ಬಿಲ್ ತೋರಿಸಿ ಕರ್ನಾಟಕದೊಳಗೆ ತರಲಾಗುವುದಿಲ್ಲ. ಮಕ್ಕಳು, ಹಿರಿಯರು ಇರುವ ಗಾಡಿಗೆ ಆ ಫಜೀತಿ ಯಾಕೆ?

ಹುಬ್ಬಳ್ಳಿ ವಿದ್ಯಾನಗರ: ಪೆಟ್ರೋಲ್ ಲೆಕ್ಕಾನೂ ಮಾಡ್ರಿ. 20 ಲೀಟರ್ ಹಾಕಿಸಿದ್ರ ಉಳಿಯೋದು 120. ಬರೇ ಅದಕ್ಕ ಕಾರವಾರದಿಂದ ಹೋಗಿ ಬಂದ್ರ 30 ಕಿ.ಮೀ., ಎರಡು ಲೀಟರ್ ಮ್ಯಾಲ ಸುಡತದ, 200 ರೂಪಾಯಿ ಖರ್ಚು. ಆಮೆ ದಂಡಿಗೆ ಹೆಂಗೂ ಹೋಗೋರಾದ್ರ ತಿರುಗಿ ಬರೋವಾಗ ಹಾಕಿಸ್ರಿ, ಇಲ್ಲಂದ್ರ ನಷ್ಟ.

ಹಳೇ ಹುಬ್ಬಳ್ಳಿ: ಎಲ್ಲಾದಕ್ಕೂ ನಿಮ್ಮದೊಂದು ಲೆಕ್ಕ. ಮಾಸ್ತರ್ ಇದ್ದೀರೇನು?

ಗದಗ (ಕೇಳಿದವರು): ಅಣ್ಣಾರ, ಜಗಳ ಬ್ಯಾಡ್ರಿ. ಕೋಟಿ ಮ್ಯಾಲತನಕಾ ಗಾಡಿ ಹೋಗತದೇನ್ರಿ? ಡಿಸೆಂಬರ್‌ನಾಗ ಆಮೆ ಕಾಣತಾವೇನ್ರಿ?

ಧಾರವಾಡ ಸಪ್ತಾಪುರ: ಗುಡ್ಡದ ಮೇಲಕ್ಕೆ ರಸ್ತೆ ಇದೆ, ತಂದೆಯವರನ್ನು ಕರೆದೊಯ್ಯಬಹುದು. ದೊಡ್ಡ ಕೋಟೆ ನಿರೀಕ್ಷಿಸಬೇಡಿ. ಸೋಂದಾ ಅರಸರು ಕಟ್ಟಿಸಿದ್ದು, ಗುಡ್ಡವನ್ನೇ ಸೀಳಿಕೊಂಡು ಹೆದ್ದಾರಿ ಹೋಗಿದೆ, ಅರ್ಧ ತಾಸು ಸಾಕು. ಮೇಲಿಂದ ನದಿ, ಸೇತುವೆ, ಕಡಲು ಒಟ್ಟಿಗೆ ಕಾಣುತ್ತವೆ, ಅದಕ್ಕಾಗಿ ಹೋಗಬೇಕು, ಸಂಜೆಯ ಬೆಳಕಿನಲ್ಲಿ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು. ಅಂದಿನಿಂದ ಹೊಸ ಸೇತುವೆಯ ಮೇಲೆಯೇ ಎರಡೂ ಕಡೆಯ ಓಡಾಟ. ಫೋಟೋಕ್ಕಾಗಿ ಅದರ ಮೇಲೆ ಗಾಡಿ ನಿಲ್ಲಿಸಬೇಡಿ.

ಆಮೆ: ಆಲಿವ್ ರಿಡ್ಲೆ ಹೆಚ್ಚಾಗಿ ತತ್ತಿ ಇಡುವುದು ಜನವರಿಯಿಂದ ಮಾರ್ಚ್, ಅದೂ ರಾತ್ರಿ. ಮರಿ ಹೊರಬರಲು 45ರಿಂದ 60 ದಿನ. ಡಿಸೆಂಬರ್‌ನಲ್ಲಿ ಗಾಲಜಿಬಾಗದಲ್ಲಿ ಸಿಗುವುದು ಗಾಳಿಮರ, ಖಾಲಿ ದಂಡೆ, ಅದೃಷ್ಟವಿದ್ದರೆ ಬಲೆ ಬೇಲಿ ಹಾಕಿದ ಒಂದೆರಡು ಗೂಡು. ಆಮೆಗಾಗಿಯೇ ಹೋಗುವುದಾದರೆ ಫೆಬ್ರವರಿ ಕೊನೆಗೆ ಹೋಗಿ. ಟಾರ್ಚ್, ಫ್ಲ್ಯಾಶ್ ಎರಡೂ ಬೇಡ, ಮರಿಗಳು ಬೆಳಕನ್ನೇ ಕಡಲೆಂದು ತಿಳಿದು ರಸ್ತೆಯತ್ತ ತೆವಳುತ್ತವೆ.

ಹಾವೇರಿ: ತಿಳಮಾತಿಗೆ ಅಪ್ಪಾರನ್ನ ಒಯ್ಯಬ್ಯಾಡ್ರಿ. ಮಾಜಾಳಿ ದಂಡಿಯಿಂದ ಗುಡ್ಡ ಹತ್ತಿ ಇಳೀಬೇಕು, ಸಡಿಲ ಕಲ್ಲು. ಎಳ್ಳಿನಂಥ ಕರಿ ಉಸುಕು ಅಲ್ಲೇ ಇರೋದು, ಈಕಡೆ ಬಿಳೇದು. ಭರತ ಏರಿದಾಗ ಬಂಡಿಗಲ್ಲಿನ ಮ್ಯಾಲ ತೆರಿ ಹೊಡೀತಾವು, ಇಳಿತದಾಗ ಹೋಗಿ ಏರೋದ್ರಾಗ ಹೊಳ್ಳಿ ಬರ್ರಿ. ಭರತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದ ಹೋಗತದ, ನಿನ್ನಿ ಯಾರೋ ಹೇಳಿದ ಹೊತ್ತು ಇವತ್ತಿಗೆ ನಡಿಯಂಗಿಲ್ಲ. ಅಮಾಸಿ, ಹುಣ್ಣಿವಿ ಆಸುಪಾಸು ನೀರು ಬಹಳ ಏರತದ.

ಹಳೇ ಹುಬ್ಬಳ್ಳಿ: ಅಂಜದೀವ ದ್ವೀಪಕ್ಕೂ ಹೋಗಿ ಬರ್ರಿ, ನಮ್ಮ ಕಾರವಾರದ್ದ ಅದು.

ಧಾರವಾಡ ಸಪ್ತಾಪುರ: ಅದು ಗೋವಾಕ್ಕೆ ಸೇರಿದ್ದು. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರಿಂದ ಅದನ್ನು ಬಿಡಿಸುವಾಗ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಈಗ ನೌಕಾಪಡೆಯ ವಶದಲ್ಲಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ನೌಕಾನೆಲೆಯ ಆಸುಪಾಸಿನ ಅರಗಾ, ಬಿಣಗಾ ಕಡೆ ಡ್ರೋನ್ ಹಾರಿಸಿದರೂ ಠಾಣೆಗೇ ಹೋಗುತ್ತೀರಿ.

ಹಳೇ ಹುಬ್ಬಳ್ಳಿ: ಮುಂಬಾಗಿಲು ನಮ್ಮ ಕಡೆ, ಮನಿ ಅವರದು! ಹುಬ್ಬಳ್ಳಿ-ಅಂಕೋಲಾ ರೈಲು ಆಗಿದ್ರ ಈ ಘಾಟ, ಟೋಲ್ ಯಾವ ಮಾತೂ ಇರತಿದ್ದಿಲ್ಲ.

ಧಾರವಾಡ ಸಪ್ತಾಪುರ: ಆ ರೈಲಿಗೆ ಎಷ್ಟು ಕಾಡು ಕಡಿಯಬೇಕು ಗೊತ್ತೇ?

ಗದಗ ಬೆಟಗೇರಿ: ಕಾಡು ಕಾಡು ಅಂತ ನೀವು ಅಣಶಿಯೊಳಗ ಡೀಸೆಲ್ ಗಾಡಿ ಓಡಿಸ್ತೀರಿ, ಬಡವರ ರೈಲು ಬ್ಯಾಡ. ಈಗ ಲೋಂಡಾ, ಕ್ಯಾಸಲ್ ರಾಕ್ ಸುತ್ತಿ ಮಡಗಾಂವನಾಗ ಇಳಿದು ಬ್ಯಾರೆ ಗಾಡಿ ಹತ್ತಬೇಕು. ಕಾರವಾರ ಸ್ಟೇಷನ್ನರ ಊರಾಗ ಐತೇನು? ಶಿರವಾಡದಾಗ ಇಳಿಸ್ತದ, ಅಲ್ಲಿಂದ ಮತ್ತ ರಿಕ್ಷಾ.

ಹುಬ್ಬಳ್ಳಿ ವಿದ್ಯಾನಗರ: ಹೊಟ್ಟಿ ಸುದ್ದಿ ಬಿಟ್ರಿ ಎಲ್ಲಾರೂ. ಮೀನ ತಿನ್ನದಿದ್ರ "ಶುದ್ಧ ಶಾಕಾಹಾರಿ" ಬೋರ್ಡ್ ನೋಡಿ ಒಳಗ ಹೋಗ್ರಿ. ರೊಟ್ಟಿ ಕಟಗೊಂಡ ಹೋಗೋರಾದ್ರ ಕಡಕ್ ರೊಟ್ಟಿ ಡಬ್ಬಿಯಾಗ ಬಿಗಿ ಮುಚ್ಚಿ ಇಡ್ರಿ, ಕಡಲ ಗಾಳಿಗೆ ಒಂದ ರಾತ್ರಿಗೆ ಮೆತ್ತಗ ಆಗತಾವು.

ಹಾವೇರಿ: ಕಾರವಾರಕ್ಕ ಹೋಗಿ ಕಡಕ್ ರೊಟ್ಟಿ ತಿಂತಾರಂತ. ಬಂಗಡಿ ಯಾವಾಗ ತಿನ್ನೋರು?

ಹುಬ್ಬಳ್ಳಿ ವಿದ್ಯಾನಗರ: ಅವರು ತಿಂತಾರೋ ಇಲ್ಲೋ ಹೇಳಿಲ್ಲ. ಓದಿ ಬರೀರಿ.