ಶಾಲಿ ಮಕ್ಕಳಿಗೆ ಕೈ ತೊಳೆಯೂದು ಹೆಂಗ ಕಲಸೂದು?

ಪ್ರಶ್ನೆ: ಬಾಗಲಕೋಟೆ ಹತ್ರ ಒಂದು ಸರಕಾರಿ ಶಾಲಿಗೆ ಎಂಬಿಬಿಎಸ್ ವಿದ್ಯಾರ್ಥಿಗಳು ಆರು ಮಂದಿ ಹೊಂಟೇವಿ. ಮೂರನೇತ್ತೆ ಮಕ್ಕಳು, 40 ನಿಮಿಷ. ಕೈ ತೊಳೆಯೂದು, ಹಲ್ಲು ತಿಕ್ಕೂದು ಎರಡೂ ಆದೀತೇನ್ರಿ?

ಉತ್ತರ: ಒಂದೇ ಹಿಡೀರಿ. ಚಾರ್ಟ್ ಬಿಡ್ರಿ. ಅರ್ಧ ಚಮಚ ಎಣ್ಣಿಗೆ ಚಿಟಿಕಿ ಅರಿಶಿಣ ಕಲಸಿ ಕೈಗೆ ಹಚ್ಚಿ, ಮೊದಲು ಬರೇ ನೀರಾಗ ತೊಳಸ್ರಿ, ಹಳದಿ ಜಗ್ಗೂದಿಲ್ಲ. ಆಮೇಲೆ ಸೋಪು, 20 ಸೆಕೆಂಡು. ಆದ್ರೂ ಹೆಬ್ಬೆರಳಿನ ಬುಡ, ಉಗುರಿನ ಸಂದಿಯೊಳಗ ಉಳಿದಿರತೈತಿ. ಅದನ್ನ ಅವರ ಕಣ್ಣಿಗೇ ತೋರಸ್ರಿ.

ಉತ್ತರ: ಹಲ್ಲಿನ ಪಾಠ ಇನ್ನೊಮ್ಮೆ ಮಾಡಿದ್ರ, ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನಂಗ ಬ್ರಷ್ ತುಂಬ ಹಾಕಿದ್ರ ಸಣ್ಣವು ನುಂಗತಾವ. ಪೇಸ್ಟಿನಾಗ ಫ್ಲೋರೈಡ್ ಇರತೈತಿ, ಅದು ಹೆಚ್ಚು ಹೊಟ್ಟಿಗೆ ಹೋದ್ರ ಹಲ್ಲಿಗೆ ಕಲಿ ಬೀಳತಾವ; ಈ ಕಡೆ ಕೆಲವು ಊರಾಗ ಬೋರ್ ನೀರಿನಾಗೇ ಫ್ಲೋರೈಡ್ ಜಾಸ್ತಿ ಐತಿ.

ಉತ್ತರ: ಬಿಸಿಯೂಟದ ಮುಂಚಿನ ಪಿರಿಯಡ್ ಕೇಳ್ರಿ. ನಳ ಎಷ್ಟದಾವ, ನೀರು ಬರತೈತೋ ಇಲ್ಲೋ, ಹಿಂದಿನ ದಿನಾನೇ ನೋಡ್ಕೊಳ್ರಿ.