ಅಣ್ಣನ ಬಾಯಾಗ ಬಿಳೆ ಬಿಳೆ ಕಟ್ಟ್ಯಾದ, ನುಂಗಿದ್ರ ಎದಿ ನೋವು, ಎಚ್‌ಐವಿ ತಡೆಯೋ ಎಆರ್‌ಟಿ ಗುಳಿಗಿ ಬಿಟ್ಟಿದ್ದ, ಏನ್ ಮಾಡ್ಬೇಕ್ರಿ

ಕಾಗಿಣಾ_ದಂಡಿ:

ಎಲ್ಲರಿಗೂ ಶರಣು ರೀ. ನಮ್ಮದು ಸೇಡಂ ತಾಲೂಕು, ಊರಿನ ಹೆಸರು ಬ್ಯಾಡ, ಯಾಕ ಅನ್ನೋದು ನಿಮಗೂ ತಿಳಿತದ. ನಮ್ಮ ಅಣ್ಣಗ ಎಚ್‌ಐವಿ ಅದ. ಗೊತ್ತಾಗಿ ಭಾಳ ವರ್ಷ ಆಯ್ತು, ಎಆರ್‌ಟಿ ಸೆಂಟರಿನ ಗುಳಿಗಿ ತಗೊಂಡು ಛಲೋ ಇದ್ದ, ಹೊಲದಾಗ ನನಕಿಂತ ಜಾಸ್ತಿ ದುಡಿತಿದ್ದ. ಮಳಿ ಕೈ ಕೊಡ್ತು ಅಂತ ಪುಣಾಕ್ಕ ಸೆಂಟ್ರಿಂಗ್ ಕೆಲಸಕ್ಕ ಹೋದ, ಒಯ್ದ ಗುಳಿಗಿ ಮುಗದ್ವು, ಅಲ್ಲಿ ಯಾರಿಗಿ ಕೇಳಬೇಕು ಎಲ್ಲಿ ಹೋಗಬೇಕು ಅಂತ ನಾಚಿಕಿ ಪಟ್ಕೊಂಡು ಸುಮ್ಮ ಕುಂತಾನ, ಮೈ ಆರಾಮ ಅದಲ್ಲ ಮತ್ತ್ಯಾಕ ಅಂದ್ಕೊಂಡಾನ. ವರ್ಷದ ಮ್ಯಾಲೇ ಆಗಿರ್ಬೇಕು.

ಈಗ ತೊಗರಿ ರಾಶಿಗಿ ಅಂತ ಊರಿಗಿ ಬಂದಾನ, ಗುರ್ತು ಸಿಗಲಾರದಂಗ ಸೊರಗ್ಯಾನ. ಬಾಯಿ ತೆರೆದ್ರ ನಾಲಗಿ ಮ್ಯಾಲ, ಗಲ್ಲದ ಒಳಗ ಎಲ್ಲಾ ಒಡೆದ ಹಾಲಿನಂಗ ಬಿಳೆ ಬಿಳೆ ಕಟ್ಟ್ಯಾದ, ತುಟಿ ಮೂಲಿ ಸೀಳ್ಯಾವ. ಮೊದಲು ಬಾಯಿ ಉರಿ ಅಷ್ಟೇ ಇತ್ತು, ಈಗ ಹದಿನೈದು ದಿನದಿಂದ ಏನ್ ನುಂಗಿದ್ರೂ ಎದಿ ನಡುಮಧ್ಯ ಚುಚ್ಚಿದಂಗ ಆಗ್ತದಂತ, ನೀರು ಕುಡದ್ರೂ ಮಾರಿ ಕಿವುಚ್ತಾನ. ರೊಟ್ಟಿ ಬಿಟ್ಟಾನ, ಬ್ಯಾಳಿ ಸಾರು ಬಿಟ್ಟಾನ, ಬರೇ ಹಾಲು, ಅಂಬಲಿ. ಊರಾಗಿನ ಡಾಕ್ಟರ್ ಅಸಿಡಿಟಿ ಅಂತ ಗುಲಾಬಿ ಬಣ್ಣದ ಔಷಧಿ ಕೊಟ್ಟಾರ, ಬಾಯಿಗಿ ಹಚ್ಕೊಳಕ್ಕ ಒಂದು ಮುಲಾಮು ಕೊಟ್ಟಾರ, ಎರಡರಿಂದನೂ ಏನೂ ಆಗಿಲ್ಲ, ಮುಲಾಮಿನಿಂದ ಜಾಸ್ತಿನೇ ಆಗ್ಯಾದ ಅಂತಾನ.

ಅಂವ ಗುಟ್ಕಾ ತಿಂತಾನ, ಹಂಗಾಗಿ ಇದು ಗಂಟಲ ಕ್ಯಾನ್ಸರ್ ಇರ್ಬೇಕು ಅಂತ ಮನ್ಯಾಗ ಎಲ್ಲಾರೂ ಹೆದರ್ಯಾರ. ಅವ್ವ ಅವನ ತಾಟು ತಂಬಿಗಿ ಬ್ಯಾರೆ ಇಟ್ಟಾಳ, ಮಕ್ಕಳಿಗಿ ಹತ್ರ ಬಿಡವಲ್ಲಳು, ಅದು ನೋಡಿ ವೈನಿ ಅಳ್ತಾಳ. ಎಆರ್‌ಟಿ ಸೆಂಟರಿಗಿ ಹೋಗಮ ನಡಿ ಅಂದ್ರ ಬೈತಾರ, ಊರ ಮಂದಿ ಯಾರರ ನೋಡ್ತಾರ ಅಂತ ಒಲ್ಲೆ ಅಂತಾನ. ಹಳೆ ಡಬ್ಬಿಯಾಗ ಒಂದಿಷ್ಟು ಗುಳಿಗಿ ಉಳದಾವ, ಅವೇ ಶುರು ಮಾಡ್ಲಿ ಏನು? ತಿಳದವರು ಯಾರರ ಹೇಳ್ರಿ ದಯಮಾಡಿ.

ಮಾಂಜ್ರಾ_ಅಕ್ಕ:

ತಮ್ಮಾ, ನಾ ಬೀದರ್ ಕಡೆಯಾಕಿ, ನನಗೂ ಎಚ್‌ಐವಿ ಅದ, ಅದಕ್ಕ ಹೇಳ್ಲಕತ್ತೀನಿ, ಹೆದರಬ್ಯಾಡ ಆದ್ರ ತಡಾನೂ ಮಾಡಬ್ಯಾಡ. ನೀ ಬರ್ದಿದ್ದು ಓದಿದ್ರ ನಂದೇ ಓದಿದಂಗ ಆಯ್ತು. ನನ್ನ ಜಡ್ಡು ಗೊತ್ತಾಗಿದ್ದೇ ಇದರಿಂದ. ಬಾಯಿ ಹುಣ್ಣು ಅಂತ ಬಿ ಕಾಂಪ್ಲೆಕ್ಸ್ ನುಂಗೇ ನುಂಗಿದೆ, ಕಡೀಕ ಒಬ್ಬ ಡಾಕ್ಟರ್ ಕಟ್ಟಿಗಿ ಪಟ್ಟಿಲಿಂದ ಗಲ್ಲದ ಒಳಗಿನ ಬಿಳೇದು ಮೆಲ್ಲಗ ಕೆರೆದು ನೋಡಿದ್ರು, ಅದು ಕಿತ್ತು ಬಂತು, ಕೆಳಗ ಕೆಂಪಗ ಹಸಿ ಹಸಿ ಕಾಣಸ್ತು, ಸ್ವಲ್ಪ ರಕ್ತಾನೂ ಬಂತು. ಆಗ ಅವರು ಇದು ಕ್ಯಾಂಡಿಡಾ ಅನ್ನೋ ಫಂಗಸ್, ಎಚ್‌ಐವಿ ಪರೀಕ್ಷಿ ಮಾಡ್ಸಮ ಅಂದ್ರು.

ಈ ಫಂಗಸ್ ಹೊರಗಿಂದ ಬಂದು ಹತ್ತಿದ್ದಲ್ಲ ತಮ್ಮಾ. ಆರಾಮ ಇರೋ ಎಷ್ಟೋ ಮಂದಿ ಬಾಯಾಗ, ಹೊಟ್ಟ್ಯಾಗ ಅದು ಮೊದಲೇ ಇರ್ತದ, ಮೈಯಾಗಿನ ಶಕ್ತಿ ಅದನ್ನ ತಲಿ ಎತ್ತಕ್ಕ ಬಿಟ್ಟಿರಂಗಿಲ್ಲ ಅಷ್ಟೇ. ಗುಳಿಗಿ ಬಿಟ್ಟ್ರ ವೈರಸ್ ಏರ್ತದ, ಸಿಡಿ4 ಅಂದ್ರ ಜಡ್ಡಿನ ಜತಿ ಹೋರಾಡೋ ರಕ್ತದಾಗಿನ ಕಣಗಳ ಎಣಿಕಿ ಇಳಿತದ, ಆಗ ಇದು ಬೆಳಿತದ. ಅದಕ್ಕ ನಿಮ್ಮ ಅವ್ವಗ ಹೇಳು, ಒಂದೇ ತಾಟಿನಾಗ ಉಂಡ್ರ ಎಚ್‌ಐವಿ ಬರಂಗಿಲ್ಲ, ಒಂದೇ ತಂಬಿಗ್ಯಾಗ ನೀರು ಕುಡದ್ರ ಬರಂಗಿಲ್ಲ, ಮಕ್ಕಳಿಗಿ ತೊಡಿ ಮ್ಯಾಲ ಕುಂದ್ರಿಸಿಕೊಂಡ್ರ ಬರಂಗಿಲ್ಲ. ನಮ್ಮ ಅತ್ತಿನೂ ಹಿಂಗೇ ಮಾಡಿದ್ಲು. ತಾಟು ಬ್ಯಾರೆ ಇಟ್ಟಿದ್ದು ಜಡ್ಡಿಗಿಂತ ಜಾಸ್ತಿ ತಿಂತದ ಮನುಷ್ಯಾಗ, ಇದು ನಾ ಉಂಡು ಹೇಳೋ ಮಾತು. ಇವತ್ತೇ ಆ ತಾಟು ಒಳಗ ಇಡಿಸು.

ಬೈತಾರ ಅಂತ ಹೆದರ್ಯಾನಲ್ಲ, ಬೈದ್ರೂ ಎರಡು ಮಾತು ಬೈತಾರ, ಗುಳಿಗಿ ಕೊಟ್ಟೇ ಕಳಸ್ತಾರ. ದುಡ್ದು ತಿನ್ನಕ್ಕ ಕೆಲಸ ಹುಡುಕ್ಕೊಂಡು ಹೋಗಿ ಗುಳಿಗಿ ತಪ್ಪಿದವರು ನಮ್ಮ ಕಡೆ ಅವನೊಬ್ಬನೇ ಏನಲ್ಲ, ಮುಂಬೈ ಪುಣಾ ಹೈದ್ರಾಬಾದ್ ಅಂತ ಹೋದವರು ಎಷ್ಟು ಮಂದಿ ತಿರುಗಿ ಬಂದು ಶುರು ಮಾಡ್ಯಾರ. ಸರ್ಕಾರದವರು 2004ರಿಂದ ಈ ಗುಳಿಗಿ ಫುಕಟ್ ಕೊಡ್ಲಕತ್ತಾರ, ಮೊದಲೆಲ್ಲ ಸಿಡಿ4 ಇಳಿಯೋ ತನಕ ಕಾಯಸ್ತಿದ್ರು, 2017ರಿಂದ ಸಿಡಿ4 ಎಷ್ಟೇ ಇರ್ಲಿ ಎಲ್ಲಾರಿಗೂ ಶುರು ಮಾಡ್ತಾರ. ನೀ ಜತಿ ಹೋಗು, ಒಬ್ಬನಿಗೇ ಕಳಿಸಬ್ಯಾಡ.

ಶಹಾಪುರ_ಸಿಸ್ಟರ್:

ನಾನು ಸ್ಟಾಫ್ ನರ್ಸ್, ಯಾದಗಿರಿ ಜಿಲ್ಲೆಯೊಳಗ ಕೆಲಸ ಮಾಡ್ತೀನಿ. ಅಕ್ಕ ಹೇಳಿದ್ದು ಬರೋಬ್ಬರಿ ಅದ. ನಾನು ದವಾಖಾನಿ ಕಡೆಯಿಂದ ಸ್ವಲ್ಪ ಹೇಳ್ತೀನಿ.

ಬಾಯಾಗ ಬಿಳೇದು ಇರೋದು ಒಂದು, ನುಂಗುವಾಗ ಎದಿ ನೋಯೋದು ಇನ್ನೊಂದು, ಈ ಎರಡನೇದನ್ನ ಸಣ್ಣದು ಅನ್ಕೋಬೇಡ್ರಿ. ಬಾಯಿ ಕ್ಯಾಂಡಿಡಾ ಸಿಡಿ4 200ರ ಕೆಳಗ ಹೋದವರಲ್ಲಿ ಜಾಸ್ತಿ ಕಾಣ್ತದ. ಅದು ಅನ್ನನಾಳಕ್ಕ ಇಳದಿದೆ ಅಂದ್ರ ಶಕ್ತಿ ಇನ್ನೂ ಭಾಳ ಕಡಿಮಿ ಆಗಿದೆ ಅಂತ ಅರ್ಥ, ಡಬ್ಲ್ಯುಎಚ್‌ಓದವರು ಬಾಯಿದನ್ನ ಮೂರನೇ ಹಂತ ಅಂತಾರ, ಅನ್ನನಾಳದ್ದನ್ನ ನಾಲ್ಕನೇ ಹಂತ, ಅಂದ್ರ ಕಡೇ ಹಂತದ ಲಿಸ್ಟಿನಾಗೇ ಇಟ್ಟಾರ. ನಾಲ್ಕನೇ ಹಂತ ಅಂದ್ರ ಮುಗೀತು ಅಂತ ಅಲ್ಲ ರೀ, ಮತ್ತ ಎಆರ್‌ಟಿ ಸರಿಯಾಗಿ ತಗೊಂಡ್ರ ಅಲ್ಲಿಂದಾನೂ ಎದ್ದು ಬಂದು ಹೊಲ ಮನಿ ಮಾಡ್ಕೊಂಡು ಇರೋರನ್ನ ನಾವು ದಿನಾ ನೋಡ್ತೀವಿ. ಎಚ್‌ಐವಿ ಬಗ್ಗೆ ಜಗತ್ತಿಗಿ ಗೊತ್ತಾದ ಮೊದಲ ವರದಿ, 1981ರಾಗ ಅಮೆರಿಕದ ಲಾಸ್ ಏಂಜಲೀಸ್‌ನ ಐದು ಮಂದಿದು, ಆ ಐದೂ ಮಂದಿಗಿ ಈ ಕ್ಯಾಂಡಿಡಾ ಇತ್ತು. ಅಷ್ಟು ಹಳೇ ಗುರ್ತು ಇದು, ಆದ್ರೂ ಇವತ್ತಿಗೂ ಬಾಯಿ ಹುಣ್ಣು ಅಂತ, ಉಷ್ಣ ಅಂತ, ಅಸಿಡಿಟಿ ಅಂತ ದಿನ ತಳ್ತಾರಲ್ಲ, ಅದು ನೋಡಿದ್ರ ನನಗ ಹೊಟ್ಟಿ ಉರಿತದ.

ಔಷಧಿ ಫ್ಲುಕೊನಜೋಲ್. ಬರೇ ಬಾಯಾಗ ಇದ್ರ ಸಾಮಾನ್ಯ ದಿನಕ್ಕ 100ರಿಂದ 200 ಮಿಲಿಗ್ರಾಂ, 7ರಿಂದ 14 ದಿನ ಕೊಡ್ತಾರ, ಕಡಿಮಿ ಇದ್ರ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಹಚ್ಚಿದ್ರೂ ನಡೀತದ. ಅನ್ನನಾಳಕ್ಕ ಇಳದಿದ್ರ ಹಚ್ಚೋ ಔಷಧಿ ಅಲ್ಲಿ ಮುಟ್ಟಂಗಿಲ್ಲ, ಗುಳಿಗಿನೇ ಬೇಕು, 200ರಿಂದ 400 ಮಿಲಿಗ್ರಾಂ, 14ರಿಂದ 21 ದಿನ. ಎಷ್ಟು ಕೊಡಬೇಕು ಅನ್ನೋದು ಡಾಕ್ಟರ್ ನೋಡಿ ಹೇಳ್ತಾರ, ಲಿವರ್ ಕಿಡ್ನಿ ಎಲ್ಲಾ ನೋಡ್ಬೇಕಾಗ್ತದ, ನೀವು ತಾವೇ ತಗೋಬೇಡ್ರಿ. ನುಂಗೋದು ಹಗುರ ಆಗೋದು ಕೆಲವೇ ದಿನದಾಗ ಗೊತ್ತಾಗ್ತದ. ವಾರ ಆದ್ರೂ ಫರಕ್ ಬೀಳಲಿಲ್ಲ ಅಂದ್ರ ಎಂಡೋಸ್ಕೋಪಿ ಮಾಡಿ ಒಳಗ ನೋಡ್ತಾರ, ಯಾಕಂದ್ರ ಬ್ಯಾರೆ ವೈರಸ್ಸಿನಿಂದಾನೂ ಹಂಗ ಹುಣ್ಣು ಆಗ್ತಾವ. ನೀರೂ ಒಳಗ ಹೋಗದಂಗ ಆದ್ರ ಕಾಯಬೇಡ್ರಿ, ಅಡ್ಮಿಟ್ ಮಾಡಿ ಸಲೈನ್ ಹಚ್ಚಬೇಕಾಗ್ತದ.

ಹಳೆ ಡಬ್ಬಿ ಗುಳಿಗಿ ತಾವೇ ಶುರು ಮಾಡೋದು ಬ್ಯಾಡ. ಕ್ಯಾಂಡಿಡಾ ಇದೆ ಅಂತ ಎಆರ್‌ಟಿ ತಡ ಮಾಡಂಗಿಲ್ಲ, ಅದು ಖರೇ, ಆದ್ರ ಸಿಡಿ4 ಇಷ್ಟು ಇಳದಿರೋರಿಗಿ ಒಳಗ ಟಿಬಿ ಇರಬಹುದು, ಮೆದುಳಿಗಿ ಹತ್ತೋ ಕ್ರಿಪ್ಟೋಕಾಕಸ್ ಅಂತ ಇನ್ನೊಂದು ಫಂಗಸ್ ಇರಬಹುದು, ಅದು ಮೆದುಳಿಗಿ ಹತ್ತಿದ್ರ ಮೊದಲು ಅದಕ್ಕ ಔಷಧಿ ಕೊಟ್ಟು ನಂತರ ಎಆರ್‌ಟಿ ಕೊಡ್ಬೇಕು. ಅದಕ್ಕ ಕೆಮ್ಮು, ರಾತ್ರಿ ಬೆವರು, ಜ್ವರ, ಬಿಡದ ತಲಿನೋವು ಇದ್ರ ಅಲ್ಲಿ ಬಾಯಿ ಬಿಟ್ಟು ಹೇಳ್ಲಿ.

ಇನ್ನ ಆ ಗುಲಾಬಿ ಔಷಧಿ. ಈಗ ಕೊಡೋ ಎಆರ್‌ಟಿ ಗುಳಿಗ್ಯಾಗ ಡೊಲುಟೆಗ್ರಾವಿರ್ ಇರ್ತದ. ಅಲ್ಯುಮಿನಿಯಂ ಮೆಗ್ನೀಸಿಯಂ ಇರೋ ಅಸಿಡಿಟಿ ಸಿರಪ್ ಅದರ ಜತಿ ತಗೊಂಡ್ರ ಎಆರ್‌ಟಿ ಮೈಗಿ ಹತ್ತಂಗಿಲ್ಲ. ಸಿರಪ್ ಬೇಕೇ ಬೇಕು ಅಂದ್ರ ಎಆರ್‌ಟಿ ತಗೊಂಡು 2 ತಾಸು ಆದ ಮ್ಯಾಲ ಕುಡೀಬೇಕು, ಇಲ್ಲಾ ಸಿರಪ್ ಕುಡದು 6 ತಾಸು ಬಿಟ್ಟು ಎಆರ್‌ಟಿ ತಗೋಬೇಕು. ಇದು ಭಾಳ ಮಂದಿಗಿ ಯಾರೂ ಹೇಳಿರಂಗಿಲ್ಲ.

ಕ್ಯಾನ್ಸರ್ ಅಂತ ಈಗೇ ಹೆದರಬೇಡ್ರಿ. ಆದ್ರ ಗುಟ್ಕಾ ತಿನ್ನೋರ ಬಾಯಾಗ ಕೆರೆದ್ರೂ ಹೋಗದ ಬಿಳೇ ಮಚ್ಚಿ ಇರ್ತದಲ್ಲ, ಅದು ಬ್ಯಾರೆ, ಅದನ್ನ ತೋರಿಸ್ಲೇಬೇಕು. ಫಂಗಸ್ ವಾಸಿ ಆದ ಮ್ಯಾಲೂ ಏನರ ಮಚ್ಚಿ ಉಳೀತು ಅಂದ್ರ ಹಲ್ಲಿನ ಡಾಕ್ಟರಿಗಿ ತೋರಿಸ್ರಿ. ಗುಟ್ಕಾ ಬಿಡಲೇಬೇಕು.

ಕಲಬುರಗಿ_ಮೆಡಿಕಲ್:

ನಂದು ಸೂಪರ್ ಮಾರ್ಕೆಟ್ ಹತ್ರ ಮೆಡಿಕಲ್ ಅಂಗಡಿ ಅದ. ಆ ಮುಲಾಮಿನ ಹೆಸರು ನೋಡ್ರಿ ಮೊದಲು. ಬಾಯಿ ಹುಣ್ಣಿಗಿ ಅಂತ ಕೊಡೋ ಸಣ್ಣ ಟ್ಯೂಬಿನಾಗ ಟ್ರಯಾಮ್ಸಿನೊಲೋನ್ ಅಂತ ಬರ್ದಿದ್ರ ಅದು ಸ್ಟಿರಾಯ್ಡ್, ಫಂಗಸ್ ಮ್ಯಾಲ ಹಚ್ಚಿದ್ರ ಅದು ಇನ್ನಾ ಬೆಳಿತದ, ನಿಮ್ಮ ಅಣ್ಣ ಜಾಸ್ತಿ ಆಗ್ಯಾದ ಅಂದಿದ್ದು ಅದಕ್ಕೇ ಇರಬಹುದು. ಬಂದ್ ಮಾಡ್ರಿ.

ಇನ್ನೊಂದು, ಫ್ಲುಕೊನಜೋಲ್ 150ರ ಒಂದೇ ಗುಳಿಗಿ ಬರ್ತದ, ಅದು ಹೆಣ್ಮಕ್ಕಳ ತೊಂದ್ರಿಗಿ ಒಂದೇ ಸಲ ಕೊಡೋದು. ಮಂದಿ ಬಂದು ಅದೇ ಒಂದು ಕೊಡ್ರಿ ಅಂತಾರ, ಒಂದಿನ ಹಗುರ ಅನಿಸ್ತದ, ಮತ್ತ ಬರ್ತದ, ಮತ್ತೊಂದು ಒಯ್ತಾರ. ಹಿಂಗೇ ಬಿಟ್ಟು ಬಿಟ್ಟು ತಗೊಂಡ್ರ ಫಂಗಸ್ ಆ ಔಷಧಿಗಿ ಬಗ್ಗದಂಗ ಆಗ್ತದ. ಮತ್ತ ನಿಮ್ಮ ಅಣ್ಣಗ ಸಕ್ಕರಿ ರೋಗದ ಗುಳಿಗಿ ಇದ್ರ, ರಕ್ತ ತೆಳು ಮಾಡೋ ವಾರ್ಫರಿನ್ ಇದ್ರ, ಟಿಬಿ ಗುಳಿಗಿ ಇದ್ರ ಡಾಕ್ಟರಿಗಿ ತೋರ್ಸದೇ ಫ್ಲುಕೊನಜೋಲ್ ಮುಟ್ಟಬ್ಯಾಡ್ರಿ, ಗ್ಲಿಮೆಪಿರೈಡ್ ಜತಿ ಆದ್ರ ಶುಗರ್ ಧಡ್ ಅಂತ ಇಳಿತದ. ಬಸುರಿ ಹೆಣ್ಮಕ್ಕಳಂತೂ ಕೇಳದೇ ತಗೋಬಾರ್ದು.

ಹೆಸರು_ಬ್ಯಾಡ_ಆಳಂದ:

ನಡುವ ಕೇಳ್ಲಕತ್ತೀನಿ ಮಾಫ್ ಮಾಡ್ರಿ. ಸಿಸ್ಟರ್, ನಾನೂ ಎಆರ್‌ಟಿ ಮ್ಯಾಲ ಇದ್ದೀನಿ, ಒಂದಿನಾನೂ ತಪ್ಪಿಸಂಗಿಲ್ಲ, ವೈರಲ್ ಲೋಡ್, ಅಂದ್ರ ರಕ್ತದಾಗಿನ ವೈರಸ್ ಎಣಿಕಿ, ಕಾಣಿಸಂಗಿಲ್ಲ ಅಂತ ಬಂದದ. ಆದ್ರೂ ಕೆಳಗ ತುರಿಕಿ, ಬಿಳೇ ಗಟ್ಟಿ ಹೋಗೋದು ಬಂದದ. ನನ್ನ ಶಕ್ತಿನೂ ಇಳೀತು ಅಂತ ಅರ್ಥಾ ಏನು? ಇದು ಓದಿ ರಾತ್ರಿ ನಿದ್ದಿ ಬಂದಿಲ್ಲ.

ಶಹಾಪುರ_ಸಿಸ್ಟರ್:

ಇಲ್ಲ ಅಕ್ಕಾ, ಅದಕ್ಕ ನಿದ್ದಿ ಕೆಡಿಸ್ಕೋಬೇಡ್ರಿ. ಕೆಳಗ ಬರೋ ಕ್ಯಾಂಡಿಡಾ ಎಚ್‌ಐವಿ ಇಲ್ಲದ ಹೆಣ್ಮಕ್ಕಳಿಗೂ ಭಾಳ ಬರ್ತದ, ಆಂಟಿಬಯೋಟಿಕ್ ತಗೊಂಡ ಮ್ಯಾಲ ಬರ್ತದ, ಶುಗರ್ ಇದ್ರ ಬರ್ತದ. ಬಾಯಿ, ಅನ್ನನಾಳದ್ದಕ್ಕ ಇರೋ ಅರ್ಥ ಇದಕ್ಕಿಲ್ಲ. ಒಮ್ಮಿ ಶುಗರ್ ಚೆಕ್ ಮಾಡಿಸ್ರಿ, ಡಾಕ್ಟರಿಗಿ ತೋರಿಸಿ ಒಳಗ ಇಡೋ ಕ್ಲೋಟ್ರಿಮಜೋಲ್ ಗುಳಿಗಿ ತಗೋಬಹುದು. ಸೋಪು, ಡೆಟ್ಟಾಲ್ ಹಾಕಿ ತೊಳೀಬೇಡ್ರಿ, ತುರಿಕಿ ಜಾಸ್ತಿನೇ ಆಗ್ತದ.

ಕಾಗಿಣಾ_ದಂಡಿ:

ಎಲ್ಲಾರಿಗೂ ಕೈ ಮುಗಿತೀನಿ. ಅಕ್ಕನ ಮಾತು ಅಣ್ಣಗ ಓದಿ ಹೇಳ್ದೆ, ಸುಮ್ಮ ಕೇಳಿದ, ನಾಳಿ ಹೋಗಮ ಅಂದ. ಕಲಬುರಗಿಗಿ ಹೋಗಿ ಬಂದ್ವಿ. ಕೌನ್ಸಿಲರ್ ಮೇಡಂ ಬೈಲಿಲ್ಲ ರೀ, ಕುಂದ್ರಿಸಿ ಪುಣಾದಾಗ ಏನೇನಾಯ್ತು ಅಂತ ಎಲ್ಲಾ ಕೇಳಿದ್ರು. ಡಾಕ್ಟರ್ ಟಾರ್ಚ್ ಹಾಕಿ ಬಾಯಿ ನೋಡಿ ಅನ್ನನಾಳಕ್ಕ ಇಳದದ ಅಂದ್ರು, ಫ್ಲುಕೊನಜೋಲ್ ಕೊಟ್ಟಾರ, ಸಿಡಿ4ಗಿ ರಕ್ತ ತಗೊಂಡಾರ, ಕಫ ಪರೀಕ್ಷಿ, ಎಕ್ಸ್‌ರೇ ಮಾಡ್ಸ್ಯಾರ, ಕ್ರಿಪ್ಟೋಕಾಕಸ್ ಪರೀಕ್ಷಿನೂ ಬರ್ದಾರ. ಟ್ಯೂಬ್ ತೋರ್ಸಿದೆ, ಮೆಡಿಕಲ್ ಅಣ್ಣ ಹೇಳಿದ್ದೇ ಆಗಿತ್ತು. ರಿಪೋರ್ಟ್ ಬಂದ ಮ್ಯಾಲ ಎಆರ್‌ಟಿ ಶುರು ಅಂದಾರ. ಈಗ ಮೆತ್ತನ ಅನ್ನಕ್ಕ ಹಾಲು ಕಲಿಸಿ ಉಣ್ಲಕತ್ತಾನ, ನಿನ್ನಿ ಬ್ಯಾಳಿ ಕಟ್ಟು ಕೇಳಿ ಹಾಕಿಸ್ಕೊಂಡ.

ಎರಡು ಮಾತು ಕೇಳೋದದ. ಉಣ್ಣಕ್ಕ ಇನ್ನೇನು ಕೊಡ್ಬೇಕು? ಮತ್ತ ಆರಾಮ ಆದ ಮ್ಯಾಲ ಪುಣಾಕ್ಕ ಹೋಗ್ತೀನಿ ಅಂತಾನ, ಸಾಲ ಅದ, ಬ್ಯಾಡ ಅನ್ನಕ್ಕ ಬರಂಗಿಲ್ಲ. ಅಲ್ಲಿ ಗುಳಿಗಿ ಹೆಂಗ?

ಶಹಾಪುರ_ಸಿಸ್ಟರ್:

ಓದಿ ಭಾಳ ಸಮಾಧಾನ ಆಯ್ತು. ಖಾರ, ಹುಳಿ, ಬಿಸಿ ಬಿಸಿ ಈಗ ಬೇಡ. ರಾಗಿ ಇಲ್ಲಾ ಜ್ವಾಳದ ಅಂಬಲಿ ಆರಿಸಿ ಕೊಡ್ರಿ, ಮೊಸರನ್ನ, ಬಾಳಿಹಣ್ಣು, ಮೆತ್ತಗ ಬೇಯಿಸಿದ ತತ್ತಿ, ಬ್ಯಾಳಿ ಕಟ್ಟಿಗಿ ಒಂದಿಷ್ಟು ತುಪ್ಪ. ರೊಟ್ಟಿ ಹಾಲಿನಾಗ ನೆನಿಸಿ ಕೊಟ್ರ ನಡೀತದ. ಬಾಯಿ ಉಪ್ಪು ನೀರಿನಿಂದ ಮುಕ್ಕಳಿಸ್ಲಿ, ಬ್ರಷ್ ಹೊಸದು ತರ್ರಿ. ಗುಳಿಗಿ ಮಾತ್ರ ಕೊಟ್ಟಷ್ಟು ದಿನ ಪೂರಾ ಮುಗಿಸ್ಬೇಕು, ಉಣ್ಣಕ್ಕ ಬಂತು ಅಂತ ನಡುವ ಬಿಡಬಾರ್ದು.

ಪುಣಾಕ್ಕ ಹೋಗೋ ಮೊದಲು ಎಆರ್‌ಟಿ ಸೆಂಟರಿನಾಗ ಹೇಳಿ ಟ್ರಾನ್ಸ್‌ಫರ್ ಮಾಡಿಸ್ರಿ, ದೇಶದಾಗ ಯಾವ ಎಆರ್‌ಟಿ ಸೆಂಟರಿಗಾದ್ರೂ ಬರ್ಕೊಡ್ತಾರ, ಅಲ್ಲೂ ಫುಕಟ್ಟೇ. ಎಆರ್‌ಟಿ ಪುಸ್ತಕ ಜತಿ ಇರ್ಲಿ, ಅದರ ಫೋಟೋ ನಿಮ್ಮ ಮೊಬೈಲಿನಾಗೂ ಇರ್ಲಿ. ಅಲ್ಲಿ ಸೆಂಟರ್ ಎಲ್ಲಿ ಅದ ಅಂತ ತಿಳೀಲಿಲ್ಲ ಅಂದ್ರ 1097ಕ್ಕ ಫೋನ್ ಹಚ್ರಿ, ದುಡ್ಡು ಬೀಳಂಗಿಲ್ಲ. ಮಂದಿಗಿ ಗೊತ್ತಾಗ್ತದ ಅನ್ನೋ ಹೆದ್ರಕಿಗಿ ಹೇಳ್ತೀನಿ, 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಾಗ ಅದ, ಅವನ ಒಪ್ಪಿಗಿ ಇಲ್ಲದೇ ದವಾಖಾನಿಯವರು ಆಗ್ಲಿ ಕೆಲಸ ಕೊಟ್ಟವರು ಆಗ್ಲಿ ಅವನ ವಿಷಯ ಹೊರಗ ಹೇಳಂಗಿಲ್ಲ.

ಆದ್ರ ಮೊದಲ ಕೆಲವು ತಿಂಗಳು ಊರಾಗೇ ಇರ್ಲಿ ರೀ, ಎಆರ್‌ಟಿ ಶುರು ಆಗಿ ಆರು ತಿಂಗಳಿಗಿ ವೈರಲ್ ಲೋಡ್ ನೋಡ್ತಾರ, ಅದು ನೋಡ್ಕೊಂಡು ಹೋಗ್ಲಿ. ವೈನಿದೂ ಪರೀಕ್ಷಿ ಈಗ ಮತ್ತ ಮಾಡಿಸ್ರಿ, ಗುಳಿಗಿ ಬಿಟ್ಟ ವರ್ಷದಾಗ ಅವನ ವೈರಸ್ ಏರಿರ್ತದ.

ಕಾಗಿಣಾ_ದಂಡಿ:

ವೈನಿದು ಮಾಡ್ಸಿಲ್ಲ ರೀ ಸಿಸ್ಟರ್, ಅದು ನಮ್ಮ ತಲ್ಯಾಗೇ ಬಂದಿಲ್ಲ. ಮುಂದಿನ ಸಲ ರಿಪೋರ್ಟ್ ತರಕ್ಕ ಹೋಗುವಾಗ ಇಬ್ಬರಿಗೂ ಕರ್ಕೊಂಡು ಹೋಗ್ತೀನಿ.